ವೀಲ್‌ಚೇರಿನ ಪಕ್ಕ ನಡೆಯುವ ನಾಯಿ: ಸಾಕುವುದು, ಕಲಿಸುವುದು, ಕೆಡಿಸದಿರುವುದು

ಬಿದ್ದ ಬೀಗದ ಕೈಯನ್ನು ಎತ್ತಿ ಮಡಿಲಿಗೆ ಕೊಡುವುದನ್ನು ಒಂದು ಲ್ಯಾಬ್ರಡಾರ್‌ಗೆ ಕಲಿಸಲು ಒಂದೂವರೆ ತಿಂಗಳು ಸಾಕು. ಹೋಟೆಲಿನ ಟೇಬಲ್ ಕೆಳಗೆ, ಮೂಗಿನ ಮುಂದೆಯೇ ವಡೆಯ ಚೂರು ಬಿದ್ದಿದ್ದರೂ ಮುಟ್ಟದೆ ಮುಕ್ಕಾಲು ಗಂಟೆ ಮಲಗಿರುವುದನ್ನು ಕಲಿಸಲು ವರ್ಷವೇ ಬೇಕು. ಅಂಗವೈಕಲ್ಯ ಇರುವವರಿಗೆ ನೆರವಾಗುವ ಸರ್ವಿಸ್ ಡಾಗ್ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಬೀಗದ ಕೈ ವಿಷಯ. ನಡುವೆ ಸೋತು ಕೈಬಿಡುವುದು ವಡೆಯ ವಿಷಯಕ್ಕೆ. ಆದ್ದರಿಂದ ಇಲ್ಲಿ ಮೊದಲ ಒಂದು ವರ್ಷದ ಸಾಕಣೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇದು ವೀಲ್‌ಚೇರ್ ಬಳಸುವವರ ಜೊತೆ ಕೆಲಸ ಮಾಡುವ ನಾಯಿಗಳ ಬಗ್ಗೆ ಮಾತ್ರ. ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳ ಶಾಲೆಗಳು ಹಳೆಯವು. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲೇ ಒಂದು ಶುರುವಾಗಿತ್ತು. ಅಮೆರಿಕದ ‘ದಿ ಸೀಯಿಂಗ್ ಐ’ 1929ರದು. ಕೈಕಾಲು ಆಡದವರ ನೆರವಿಗೆ ನಾಯಿಗಳನ್ನು ತಯಾರು ಮಾಡುವ ಕೆಲಸ ಗಟ್ಟಿಯಾಗಿ ನೆಲೆ ಕಂಡದ್ದು ಬಹಳ ತಡವಾಗಿ, 1975ರಲ್ಲಿ ಬಾನಿ ಬರ್ಗಿನ್ ಅವರು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಕಟ್ಟಿದ ‘ಕೆನೈನ್ ಕಂಪ್ಯಾನಿಯನ್ಸ್’ ಸಂಸ್ಥೆಯಿಂದ. ಅಲ್ಲಿ ಮರಿಗಳನ್ನು ಸಂಸ್ಥೆಯೇ ತಳಿ ನೋಡಿ ಹುಟ್ಟಿಸುತ್ತದೆ. ಎಂಟು ವಾರಕ್ಕೆ ಮರಿ ಸ್ವಯಂಸೇವಕರ ಮನೆಗೆ ಹೋಗುತ್ತದೆ, ಸುಮಾರು ಒಂದೂವರೆ ವರ್ಷಕ್ಕೆ ವಾಪಸ್ ಬರುತ್ತದೆ, ಆಮೇಲೆ ಕೆಲವು ತಿಂಗಳು ವೃತ್ತಿಪರ ತರಬೇತಿ, ಕೊನೆಗೆ ಎರಡು ವಾರ ಬಳಸುವವರ ಜೊತೆ ಕೂಡಿಸಿ ಕಲಿಸುವುದು. ನಮ್ಮಲ್ಲಿ ಒಬ್ಬರು ಟ್ರೈನರ್, ಒಂದು ಕುಟುಂಬ, ಒಂದು ಮರಿ ಸೇರಿ ಇದನ್ನೇ ಮಾಡಬೇಕಾದರೆ ಅಳತೆಗೋಲಾಗಿ ಹಿಡಿಯಬಹುದಾದದ್ದು ನೆರವಿನ ನಾಯಿ ಬಳಸುವವರದೇ ಅಂತರರಾಷ್ಟ್ರೀಯ ಸಂಘ ಐಎಎಡಿಪಿಯ ಕನಿಷ್ಠ ಮಟ್ಟ: ಆರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ 120 ಗಂಟೆ ತರಬೇತಿ, ಅದರಲ್ಲಿ 30 ಗಂಟೆ ಮನೆಯಾಚೆ, ಜನರ ನಡುವೆ.

ಯಾವ ನಾಯಿ?

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಇಲ್ಲವೇ ಇವೆರಡರ ಬೆರಕೆ. ಬಾಯಲ್ಲಿ ಏನನ್ನಾದರೂ ಹಿಡಿದು ತರುವುದು ಇವಕ್ಕೆ ಹುಟ್ಟುಗುಣ, ಅಪರಿಚಿತರನ್ನು ಕಂಡರೆ ಗುರ್ ಅನ್ನುವುದು ಕಡಿಮೆ. ಮುಧೋಳ ನಾಯಿಯ ಬಗ್ಗೆ ನಮ್ಮವರಿಗೆ ಅಭಿಮಾನ ಇರುವುದು ಸಹಜ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆನಾಯಿ. ಅಳಿಲೊಂದು ಓಡಿದಾಗ ಗಾಲಿಕುರ್ಚಿಯ ಪಕ್ಕ ನಿಲ್ಲು ಅಂದರೆ ಅದರ ರಕ್ತವೇ ಕೇಳುವುದಿಲ್ಲ. ಬೀದಿಯಿಂದ ತಂದ ನಾಡತಳಿಗಳಲ್ಲಿ ಚುರುಕಾದವು ಬಹಳ ಇವೆ. ಮನೆಯೊಳಗಿನ ಕೆಲಸಗಳಿಗೆ ಚೆನ್ನಾಗಿ ಒಗ್ಗುತ್ತವೆ. ಜನಜಂಗುಳಿಯಲ್ಲಿ ಎಚ್ಚರಿಕೆ ಮತ್ತು ಅನುಮಾನ ಜಾಸ್ತಿಯಾಗುವುದರಿಂದ ತಳಿ ನೋಡದೆ ಆಯಾ ನಾಯಿಯನ್ನೇ ನೋಡಿ ನಿರ್ಧರಿಸಬೇಕು.

ಲ್ಯಾಬ್ರಡಾರ್ ಕಲಿಯುವುದು ಬೇಗ, ಏಕೆಂದರೆ ಅದು ಹೊಟ್ಟೆಬಾಕ. ಇದು ಬರೀ ಮಾತಲ್ಲ. ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಹಸಿವು ತಣಿದ ಸೂಚನೆ ಕೊಡುವ ಪಿಒಎಂಸಿ ಎಂಬ ಜೀನ್‌ನ ಒಂದು ತುಂಡು ಕೆಲವು ಲ್ಯಾಬ್ರಡಾರ್‌ಗಳಲ್ಲಿ ಕಳೆದುಹೋಗಿದೆ. ಸಾಮಾನ್ಯ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಈ ಕೊರತೆ ಇದ್ದರೆ, ಅವರು ನೋಡಿದ ನೆರವಿನ ನಾಯಿಗಳಲ್ಲಿ ಮುಕ್ಕಾಲು ಭಾಗಕ್ಕೆ ಇತ್ತು. ತಿಂಡಿಗಾಗಿ ಏನು ಬೇಕಾದರೂ ಮಾಡುವ ನಾಯಿಗಳನ್ನೇ ನಾವು ಆರಿಸುತ್ತ ಬಂದಿದ್ದೇವೆ ಎಂದಾಯಿತು. ಅದೇ ನಾಯಿಯನ್ನು ಇಡ್ಲಿ ವಡೆ ಉದುರುವ ನೆಲದ ಮೇಲೆ ಮಲಗಿಸುತ್ತೇವೆ. ಕಷ್ಟ ಯಾಕೆ ಎಂದು ಬೇರೆ ಹೇಳಬೇಕಿಲ್ಲ.

ಮರಿ ಕೊಳ್ಳುವಾಗ ತಂದೆ ತಾಯಿ ಎರಡರ ಸೊಂಟದ ಎಕ್ಸ್‌ರೇ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಹೊರಡಿ. ಸೊಂಟದ ಕೀಲು ಸಡಿಲವಿರುವ ನಾಯಿ ಎರಡನೇ ವರ್ಷಕ್ಕೆ ಕುಂಟತೊಡಗಿದರೆ ಅಷ್ಟೂ ಕಾಲದ ಶ್ರಮ ನೀರುಪಾಲು. ಏಳನೇ ವಾರದಲ್ಲಿ ಮೂರು ಸಣ್ಣ ಪರೀಕ್ಷೆ ಮಾಡಿ. ಕಾಗದ ಮುದುರಿ ಉರುಳಿಸಿದರೆ ಹಿಂದೆ ಹೋಗಿ ಬಾಯಿ ಹಾಕಬೇಕು, ನಿಮ್ಮ ಕಡೆ ತಂದರೆ ಇನ್ನೂ ಒಳ್ಳೆಯದು. ಎರಡು ಮೀಟರ್ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸಿದರೆ ಬೆಚ್ಚಲಿ, ಪರವಾಗಿಲ್ಲ. ಆದರೆ ಹತ್ತು ಸೆಕೆಂಡಿನೊಳಗೆ ಹತ್ತಿರ ಬಂದು ಮೂಸಬೇಕು. ಮೂಲೆಗೆ ಹೋಗಿ ಕೂತರೆ ಬೇಡ. ಮೂರನೆಯದು, ಎದೆಗವಚಿ ಹಿಡಿದಾಗ ಒಂದಿಷ್ಟು ಒದ್ದಾಡಿ ಸುಮ್ಮನಾಗಬೇಕು. ಅತಿ ಚುರುಕಾಗಿ ಎಲ್ಲಕ್ಕೂ ಮುಂದೆ ನುಗ್ಗುವ ಮರಿಯನ್ನು ನೋಡಿ ಮರುಳಾಗುವವರೇ ಹೆಚ್ಚು. ನನ್ನ ಪ್ರಕಾರ ನಡುವಿನದೇ ಸರಿ.

ಎಂಟರಿಂದ ಹದಿನಾರು ವಾರ

ಮೂರನೇ ವಾರದಿಂದ ಹೆಚ್ಚೆಂದರೆ ಹದಿನಾಲ್ಕನೇ ವಾರದವರೆಗೆ ಮರಿ ಕಂಡದ್ದೆಲ್ಲ ಅದರ ಪಾಲಿಗೆ ಮಾಮೂಲಿ ಪ್ರಪಂಚವಾಗುತ್ತದೆ. ಆಗ ಕಾಣದೇ ಹೋದದ್ದು ಮುಂದೆ ಅನುಮಾನದ ವಸ್ತು. ಇದೇ ಹೊತ್ತಿಗೆ ಮರಿಗಳ ಜೀವ ತೆಗೆಯುವ ಪಾರ್ವೊ ರೋಗದ ಭಯವೂ ಇರುತ್ತದೆ. ಆರೆಂಟು ವಾರಕ್ಕೆ ಶುರುವಾಗುವ ಲಸಿಕೆಯ ಸರಣಿ ಹದಿನಾರನೇ ವಾರದ ಹೊತ್ತಿಗೆ ಮುಗಿಯುತ್ತದೆ, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆ ಮುಗಿಯಲಿ ಎಂದು ಮನೆಯೊಳಗೇ ಇಟ್ಟುಕೊಂಡರೆ ಲೋಕಕ್ಕೆ ಒಗ್ಗುವ ಆ ಕಾಲ ಮುಗಿದುಹೋಗುತ್ತದೆ. ಬೀದಿಗೆ ಬಿಟ್ಟರೆ ಮರಿಯೇ ಉಳಿಯಲಿಕ್ಕಿಲ್ಲ. ದಾರಿ ಒಂದೇ: ಹೊತ್ತುಕೊಂಡು ಹೋಗಿ. ಹೆಗಲಿಗೆ ಅಡ್ಡ ಹಾಕಿದ ಬಟ್ಟೆಯ ಚೀಲದಲ್ಲಿ ಕೂರಿಸಿ, ದಿನಕ್ಕೊಂದು ಜಾಗ, ಹದಿನೈದು ನಿಮಿಷ. ಬಸ್ ಸ್ಟ್ಯಾಂಡಿನ ಅಂಚು, ಶಾಲೆ ಬಿಡುವ ಹೊತ್ತು, ತರಕಾರಿ ಗಾಡಿಯ ಕೂಗು, ದೇವಸ್ಥಾನದ ಹೊರಗೆ ನಿಂತು ಘಂಟೆ ಮತ್ತು ನಾದಸ್ವರ, ಆಟೋ ಸವಾರಿ. ನೆಲ ಮುಟ್ಟಿಸುವುದು ಲಸಿಕೆ ಆಗಿರುವ ನಾಯಿಗಳಿರುವ ಮನೆಯ ಅಂಗಳದಲ್ಲಿ ಮಾತ್ರ.

ಮನೆಯೊಳಗೆ ಕುಕ್ಕರ್ ಸೀಟಿ, ಮಿಕ್ಸಿ, ಗ್ರೈಂಡರ್. ಇವುಗಳಿಗೆ ಹೆದರಿದ ನಾಯಿ ಅಡುಗೆಮನೆಯಲ್ಲಿ ಕೆಲಸಕ್ಕೆ ಬಾರದು. ಮಿಕ್ಸಿ ಹಾಕುವ ಮುಂಚೆ ಮರಿ ದೂರದ ಕೋಣೆಯಲ್ಲಿ ಊಟ ಮಾಡುತ್ತಿರಲಿ, ದಿನದಿನಕ್ಕೆ ತಟ್ಟೆಯನ್ನು ಒಂದೊಂದು ಹೆಜ್ಜೆ ಹತ್ತಿರ ತನ್ನಿ. ಊಟ ನಿಲ್ಲಿಸಿ ತಲೆಯೆತ್ತಿದರೆ ಅಂದಿಗೆ ಅಲ್ಲೇ ನಿಲ್ಲಬೇಕು. ದೀಪಾವಳಿಯ ಪಟಾಕಿಗೂ ಇದೇ ಕ್ರಮ: ಹಬ್ಬಕ್ಕೆ ಎರಡು ತಿಂಗಳ ಮೊದಲಿನಿಂದ ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ ಊಟ ಕೊಡುವುದು. ಹಬ್ಬದ ದಿನಗಳಲ್ಲಿ ಮಾತ್ರ ಯಾವ ಧೈರ್ಯ ಪರೀಕ್ಷೆಯೂ ಬೇಡ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಒಳಗೇ ಇರಲಿ.

ಹೇಳಿದಾಗ ಮೂತ್ರ ಮಾಡುವುದನ್ನು ಈ ವಯಸ್ಸಿನಲ್ಲೇ ಕಲಿಸಬೇಕು. ಎದ್ದ ಕೂಡಲೇ, ಊಟವಾದ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ ಲೀಶ್ ಹಾಕಿಯೇ ಅದೇ ಜಾಗಕ್ಕೆ ಕರೆದೊಯ್ಯಿರಿ. ಮರಿ ಶುರು ಮಾಡುವಾಗ ಒಂದೇ ಪದ, ‘ಮಾಡ್ಕೊ’ ಅಂತಲೋ ಇನ್ನೊಂದೋ, ಮೆಲ್ಲಗೆ ಹೇಳಿ. ಮುಗಿದ ಮೇಲೆ ತಿಂಡಿ. ಐದು ನಿಮಿಷದಲ್ಲಿ ಆಗದಿದ್ದರೆ ಒಳಗೆ ತಂದು ಕ್ರೇಟಿನಲ್ಲಿ, ಅಂದರೆ ಮರಿಯ ಗೂಡಿನಲ್ಲಿ, ಇಟ್ಟು ಕಾಲು ಗಂಟೆ ಬಿಟ್ಟು ಮತ್ತೆ. ಹುಲ್ಲಿನ ಮೇಲೆ ಮಾತ್ರ ರೂಢಿ ಮಾಡಿಸಬೇಡಿ. ಕಾಂಕ್ರೀಟ್, ಜಲ್ಲಿ, ಮಣ್ಣು ಎಲ್ಲದರ ಮೇಲೂ ಆಗಬೇಕು. ಹುಲ್ಲೇ ಬೇಕೆನ್ನುವ ನಾಯಿ ಆಸ್ಪತ್ರೆಯ ಆವರಣದಲ್ಲಿ ಮೂರು ಗಂಟೆ ತಡೆದುಕೊಂಡು ಒದ್ದಾಡುತ್ತದೆ, ಅದರ ಜೊತೆ ಬಂದವರೂ.

ಇನ್ನು ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ಕೆಡುವ ವಿಷಯ. ಮರಿ ಚಪ್ಪಲಿ ಕಚ್ಚಿಕೊಂಡು ಬರುತ್ತದೆ. ಮನೆಯವರು ಗದರುತ್ತಾರೆ, ಬೆನ್ನಟ್ಟುತ್ತಾರೆ, ದವಡೆ ಬಿಡಿಸಿ ಕಿತ್ತುಕೊಳ್ಳುತ್ತಾರೆ. ಮರಿ ಇದರಿಂದ ಕಲಿಯುವುದು ಎರಡರಲ್ಲಿ ಒಂದು: ಸಿಕ್ಕದ್ದನ್ನು ಬಾಯಲ್ಲಿಟ್ಟುಕೊಂಡು ಮನುಷ್ಯರ ಹತ್ತಿರ ಹೋಗಬಾರದು, ಅಥವಾ ಕಿತ್ತುಕೊಳ್ಳುವ ಮೊದಲು ನುಂಗಬೇಕು. ಮೊದಲನೆಯದು ಮುಂದೆ ಎತ್ತಿಕೊಡುವ ಕೆಲಸಕ್ಕೇ ಕಲ್ಲು ಹಾಕುತ್ತದೆ. ಎರಡನೆಯದು ಹೊಟ್ಟೆಯ ಆಪರೇಷನ್ನಿಗೆ ಕರೆದೊಯ್ಯುತ್ತದೆ. ಮಾಡಬೇಕಾದದ್ದು ಇಷ್ಟೆ: ಕೂತುಕೊಳ್ಳಿ, ಖುಷಿಯ ದನಿಯಲ್ಲಿ ಕರೆಯಿರಿ, ಬಂದಾಗ ಕಾಲರಿನ ಹತ್ತಿರ ಸವರಿ, ಇನ್ನೊಂದು ಕೈಯಲ್ಲಿ ತಿಂಡಿ ತೋರಿಸಿ, ಬಾಯಿ ಬಿಟ್ಟಾಗ ಚಪ್ಪಲಿ ತೆಗೆದುಕೊಳ್ಳಿ. ಕಳ್ಳತನಕ್ಕೆ ಬಹುಮಾನ ಕೊಟ್ಟಂತಾಗುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಆಗುತ್ತದೆ, ಆಗಲಿ. ಚಪ್ಪಲಿಗಳನ್ನು ಗೂಡಿನಲ್ಲಿಟ್ಟು ಬಾಗಿಲು ಹಾಕಿ. ತಂದುಕೊಡುವ ಆಸೆಯನ್ನು ಸಾಯಿಸಬೇಡಿ.

ಸುಮ್ಮನೆ ಮಲಗುವ ಪಾಠ

ಒಂದು ಚಾಪೆ ಗೊತ್ತು ಮಾಡಿ. ಅರವತ್ತಕ್ಕೆ ತೊಂಬತ್ತು ಸೆಂಟಿಮೀಟರ್, ಸುತ್ತಿ ವೀಲ್‌ಚೇರಿನ ಹಿಂದಿನ ಚೀಲಕ್ಕೆ ಹಾಕುವಂಥದ್ದು. ಮರಿ ಅದರ ಮೇಲೆ ಕಾಲಿಟ್ಟಾಗ ಒಂದು ಕಾಳು ತಿಂಡಿ, ಮಲಗಿದಾಗ ಎರಡು ಮುಂಗಾಲಿನ ನಡುವೆ ಇನ್ನೊಂದು. ಕೈಯಿಂದ ಬಾಯಿಗೆ ಕೊಡಬೇಡಿ. ಕೈ ನೋಡುತ್ತ ಕಾಯುವ ನಾಯಿ ವಿಶ್ರಾಂತಿಯಲ್ಲಿ ಇರುವುದಿಲ್ಲ. ಮೊದಲ ವಾರ ಐದು ಸೆಕೆಂಡಿಗೊಮ್ಮೆ, ಆಮೇಲೆ ಹತ್ತು, ಇಪ್ಪತ್ತು, ಮತ್ತೆ ಎಂಟು, ನಲವತ್ತು. ಸಮಯ ಏರುತ್ತಲೇ ಹೋದರೆ ನಾಯಿಗೆ ಲೆಕ್ಕ ಸಿಕ್ಕಿ ಎದ್ದು ಹೋಗುತ್ತದೆ, ಅದಕ್ಕೇ ನಡುವೆ ಚಿಕ್ಕದಿರಬೇಕು. ಒಂದು ಪೃಷ್ಠದ ಮೇಲೆ ವಾಲಿ, ಗಲ್ಲವನ್ನು ನೆಲಕ್ಕೆ ಊರಿದರೆ ನಿಜವಾಗಿ ಸಡಿಲಾಗಿದೆ ಎಂದರ್ಥ. ಹಿಂಗಾಲು ಎರಡೂ ಹೊಟ್ಟೆಯ ಕೆಳಗೆ ನೇರವಾಗಿ ಮಡಚಿದ್ದರೆ ಎದ್ದೋಡಲು ಸಿದ್ಧವಾಗಿದೆ.

ಆಮೇಲೆ ಬೀಳುವ ತಿಂಡಿ. ಮೊದಲು ಮುಷ್ಟಿಯಲ್ಲಿ: ಮರಿ ಮೂಸಿ, ನೆಕ್ಕಿ, ಕೆರೆದು, ಕೊನೆಗೆ ಮುಖ ಹಿಂದೆ ತೆಗೆದ ಕ್ಷಣ ಇನ್ನೊಂದು ಕೈಯಿಂದ ಬೇರೆ ತಿಂಡಿ. ಬಳಿಕ ನೆಲದ ಮೇಲೆ ಅಂಗೈ ಮುಚ್ಚಿ, ಆಮೇಲೆ ತೆರೆದು, ಆಮೇಲೆ ಹತ್ತು ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊನೆಗೆ ಟೇಬಲ್ಲಿನ ಎತ್ತರದಿಂದ. ಇಲ್ಲಿ ಒಂದು ನಿಯಮ ಮುರಿಯುವಂತಿಲ್ಲ. ನೆಲದ ಮೇಲಿರುವುದು ಯಾವತ್ತೂ ಅದಕ್ಕೆ ಸಿಗಬಾರದು. ‘ಪಾಪ, ಇಷ್ಟು ಹೊತ್ತು ಕಾಯ್ತು’ ಎಂದು ಕೊನೆಗೆ ಅದನ್ನೇ ತಿನ್ನಲು ಬಿಟ್ಟರೆ, ನಾಯಿ ಬಿಡುವುದನ್ನಲ್ಲ, ಕಾಯುವುದನ್ನು ಕಲಿಯುತ್ತದೆ. ಮನೆಯಲ್ಲಿ ಮಲಗುವುದು ಬಂದ ಮೇಲೆ ಖಾಲಿ ಹೊತ್ತಿನ ದರ್ಶಿನಿ, ಮೂಲೆಯ ಟೇಬಲ್, ಹತ್ತು ನಿಮಿಷ. ಚೆನ್ನಾಗಿ ನಡೆಯುತ್ತಿರುವಾಗಲೇ ಎದ್ದು ಬನ್ನಿ. ‘ಇನ್ನೊಂದು ಕಾಫಿ ಹೇಳೋಣ’ ಎನ್ನುವಾಗಲೇ ಹಾಳಾಗುವುದು.

ಜನರ ಮುದ್ದು ಇನ್ನೊಂದು ತಲೆನೋವು. ಅಂಗಡಿಯವರು ಬಿಸ್ಕತ್ತು ಎಸೆಯುತ್ತಾರೆ, ಮಕ್ಕಳು ಕುತ್ತಿಗೆ ಅಪ್ಪುತ್ತಾರೆ. ಮೂವತ್ತು ಕೆಜಿಯ ನಾಯಿ ಮುದ್ದಿಗಾಗಿ ಎಳೆದರೆ ಕೈಯಲ್ಲಿ ಶಕ್ತಿಯಿಲ್ಲದವರು ತಡೆಯಲಾರರು, ಹಗುರ ಗಾಲಿಕುರ್ಚಿ ಮಗುಚಲೂಬಹುದು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಜನ ಹತ್ತಿರ ಬರುತ್ತಾರೆ ಎಂಬ ರೂಢಿ ಮರಿಯಿಂದಲೇ ಆಗಬೇಕು: ಹಾರಿದ ಕೂಡಲೇ ಬಂದವರು ಎರಡು ಹೆಜ್ಜೆ ಹಿಂದೆ. ಬೈಯುವುದು, ಮೊಣಕಾಲು ಕೊಡುವುದು ಏನೂ ಬೇಡ. ಬೆನ್ನಿನ ಮೇಲೆ ‘ಕೆಲಸದಲ್ಲಿದೆ, ಮುಟ್ಟಬೇಡಿ’ ಎಂದು ಕನ್ನಡದಲ್ಲಿ ದಪ್ಪಗೆ ಬರೆದ ವೆಸ್ಟ್ ಹಾಕಿದರೆ ಅರ್ಧ ಜನ ನಿಲ್ಲುತ್ತಾರೆ. ಉಳಿದರ್ಧಕ್ಕೆ ಬಾಯಿಬಿಟ್ಟು ಹೇಳಬೇಕು, ಬೇರೆ ದಾರಿಯಿಲ್ಲ.

ಬೀದಿನಾಯಿ, ಬಿಸಿಲು, ಉಣ್ಣಿ

ಹೊರದೇಶದ ಯಾವ ಪಠ್ಯಕ್ರಮದಲ್ಲೂ ಸರಿಯಾಗಿ ಸಿಗದ ಪಾಠ ಬೀದಿನಾಯಿಗಳದ್ದು. ಪ್ರತಿ ಗುಂಪಿಗೂ ಒಂದು ಗಡಿ ಇರುತ್ತದೆ. ಸಾಮಾನ್ಯವಾಗಿ ಒಂದು ಅಡ್ಡರಸ್ತೆ, ಒಂದು ಕಸದ ತೊಟ್ಟಿ, ಒಂದು ಮಾಂಸದಂಗಡಿ. ಮರಿಯನ್ನು ಇಳಿಸುವ ಮೊದಲೇ ನೀವೊಬ್ಬರೇ ನಡೆದು ಆ ಗಡಿಗಳನ್ನು ಗುರುತಿಸಿಕೊಳ್ಳಿ, ಊಟ ಹಾಕುವವರ ಹೊತ್ತನ್ನು ಕೇಳಿಕೊಳ್ಳಿ, ಆ ಅರ್ಧ ಗಂಟೆ ಆ ಕಡೆ ಹೋಗಬೇಡಿ. ಅಭ್ಯಾಸ ದೂರದಿಂದ. ನಿಮ್ಮ ನಾಯಿ ಇನ್ನೊಂದನ್ನು ನೋಡಿಯೂ ತಿಂಡಿ ತಿನ್ನಬಲ್ಲ ದೂರ ಎಷ್ಟೋ ಅಷ್ಟರಿಂದ ಶುರು. ಮೂವತ್ತು ನಲವತ್ತು ಮೀಟರ್ ಆದರೂ ಸರಿ. ನೋಡಿತು, ತಿಂಡಿ; ನೋಡಿತು, ತಿಂಡಿ. ಕೆಲವು ದಿನಕ್ಕೆ ಬೀದಿನಾಯಿ ಕಂಡ ಕೂಡಲೇ ನಿಮ್ಮ ಮುಖ ನೋಡುತ್ತದೆ. ಆಗ ಐದು ಮೀಟರ್ ಹತ್ತಿರ. ತಿಂಡಿ ತಿನ್ನದೆ ಬಿಗಿಯಾಗಿ ನಿಂತು ದಿಟ್ಟಿಸಿದರೆ ದೂರ ಕಡಿಮೆಯಾಯಿತು ಎಂದು ತಿಳಿದು ಹಿಂದೆ ಸರಿಯಿರಿ.

ಆರರಿಂದ ಹದಿನಾಲ್ಕು ತಿಂಗಳ ನಡುವೆ ಮತ್ತೊಮ್ಮೆ ಹೆದರಿಕೆಯ ಕಾಲ ಬರುತ್ತದೆ. ಆ ಹೊತ್ತಿನಲ್ಲಿ ಒಂದೇ ಒಂದು ಸಲ ಗುಂಪು ಮೇಲೆ ಬಿದ್ದರೂ ಕೆಲವು ನಾಯಿಗಳು ಮುಂದೆ ಎಲ್ಲ ನಾಯಿಗಳ ಮೇಲೂ ಬೊಗಳುತ್ತವೆ, ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಜೊತೆಗೆ ಇನ್ನೊಬ್ಬರು ಹತ್ತು ಹೆಜ್ಜೆ ಮುಂದೆ ನಡೆಯಬೇಕು. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಛತ್ರಿ ಕೈಯಲ್ಲಿರಲಿ. ಬೀದಿನಾಯಿಯ ಕಡೆ ಪಟ್ಟನೆ ತೆರೆದರೆ ಬಹುಪಾಲು ನಿಲ್ಲುತ್ತವೆ, ನಡುವೆ ಮರೆಯೂ ಆಗುತ್ತದೆ. ಆದರೆ ಛತ್ರಿ ತೆರೆಯುವ ಸದ್ದು ನಿಮ್ಮ ನಾಯಿಗೂ ಮೊದಲೇ ರೂಢಿಯಾಗಿರಬೇಕು, ಇಲ್ಲದಿದ್ದರೆ ಮೊದಲು ಓಡುವುದು ಅದೇ.

ಬಿಸಿಲಿಗೆ ಪರೀಕ್ಷೆ ಸುಲಭ. ಕೈಯ ಹಿಂಬದಿಯನ್ನು ಟಾರಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯೂ ನಡೆಯಬಾರದು. ಬಳ್ಳಾರಿ, ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರ ಮೇಲೆ ಹೊರಗಿನ ಪಾಠ ಇಲ್ಲ. ನಾಲಿಗೆಯ ತುದಿ ಚಮಚದಂತೆ ಅಗಲವಾಗಿ ಹೊರಬಿದ್ದರೆ ಕೂಡಲೇ ನೆರಳು, ನೀರು, ಹೊಟ್ಟೆ ಮತ್ತು ಪಾದಕ್ಕೆ ಒದ್ದೆ ಬಟ್ಟೆ. ಉಣ್ಣಿಗೆ ವೈದ್ಯರು ಹೇಳಿದ ಮಾತ್ರೆ ತಪ್ಪಿಸಬೇಡಿ. ಪ್ರತಿ ಸಂಜೆ ಬೆರಳ ಸಂದು, ಕಿವಿಯ ಮಡಿಕೆ, ಕಾಲರಿನ ಅಡಿ ಬೆರಳಾಡಿಸಿ ನೋಡಿ. ನಾಯಿಯ ಉಣ್ಣಿಜ್ವರ ಮೊದಲು ಕಾಣಿಸುವುದು ಮಂಕಾಗಿ, ಊಟ ಬಿಟ್ಟು. ಊಟ ಬಿಟ್ಟ ಲ್ಯಾಬ್ರಡಾರ್ ಅಂದರೆ ಅದೇ ದಿನ ವೈದ್ಯರ ಹತ್ತಿರ.

ಎತ್ತಿಕೊಡುವ ಕೆಲಸ

ಇದನ್ನು ಹಂತಹಂತವಾಗಿ ಹೇಳುತ್ತೇನೆ, ಏಕೆಂದರೆ ಉಳಿದ ಅರ್ಧ ಕೆಲಸಗಳು ಇದರ ಮೇಲೇ ನಿಂತಿವೆ.

ಮೊದಲು ಗುರುತಿನ ಸದ್ದು, ಅಂದರೆ ಸರಿಯಾಗಿ ಮಾಡಿದ ಕ್ಷಣವನ್ನು ನಾಯಿಗೆ ತಿಳಿಸುವ ಸದ್ದು. ಬೆರಳಿನಿಂದ ಒತ್ತಿದರೆ ಟಕ್ ಅನ್ನುವ ಕ್ಲಿಕ್ಕರ್ ಒಳ್ಳೆಯದು, ಆದರೆ ಬೆರಳು ಆಡದವರಿಗೆ ಅದು ಆಗದು. ನಾಲಿಗೆಯಿಂದ ಟಕ್ ಅನ್ನಿಸಿ, ಅಥವಾ ‘ಸೈ’ ಎಂಬ ಚುಟುಕು ಪದ. ಸದ್ದು ಬಂದರೆ ತಿಂಡಿ ಬಂದೇ ಬರುತ್ತದೆ ಎಂಬುದು ಖಾತ್ರಿಯಾಗಿರಬೇಕು. ತಿಂಡಿ ಬಟಾಣಿ ಕಾಳಿನಷ್ಟೇ, ದಿನದ ಊಟದಿಂದಲೇ ಕಳೆದದ್ದು.

ಅರ್ಧ ಇಂಚಿನ ಪಿವಿಸಿ ಪೈಪನ್ನು ಇಪ್ಪತ್ತು ಸೆಂಟಿಮೀಟರ್ ಕತ್ತರಿಸಿ, ನಡುವಿಗೆ ಹಳೆಯ ಹತ್ತಿಬಟ್ಟೆ ಸುತ್ತಿ. ನಾಯಿಯ ಬಾಯಿಯ ಮುಂದೆ ಐದು ಸೆಂಟಿಮೀಟರ್ ದೂರ ಹಿಡಿಯಿರಿ. ಮೂಗು ತಾಗಿಸಿದರೆ ‘ಸೈ’. ಹತ್ತು ಸಲದಲ್ಲಿ ಎಂಟು ಸಲ ತಾಗಿಸಿದರೆ ಮುಂದಿನ ಹಂತ: ಬಾಯಿ ತೆರೆದರೆ, ಆಮೇಲೆ ಹಲ್ಲು ಮುಚ್ಚಿದರೆ. ಹತ್ತರಲ್ಲಿ ಐದಕ್ಕಿಂತ ಕಡಿಮೆಯಾದರೆ ಒಂದು ಹಂತ ಹಿಂದೆ. ಒಂದು ಪಾಠ ಮೂರು ನಿಮಿಷ ಮೀರಬಾರದು, ದಿನಕ್ಕೆ ಮೂರು ಸಲ.

ಹಿಡಿದುಕೊಳ್ಳುವುದು ಇದರ ನಂತರ. ಒಂದು ಸೆಕೆಂಡ್, ಎರಡು, ಮೂರು, ಐದು. ಜಗಿಯತೊಡಗಿದರೆ ನಿಮ್ಮ ‘ಸೈ’ ತಡವಾಗಿದೆ. ಜಗಿಯುವ ಮೊದಲೇ ಹೇಳಿ. ವಸ್ತುವನ್ನು ಎಳೆಯಬೇಡಿ, ಹಗ್ಗಜಗ್ಗಾಟ ಆಗುತ್ತದೆ. ಬಹಳ ಜನ ಸಿಕ್ಕಿಬೀಳುವುದು ಇಲ್ಲಿ: ನಿಮ್ಮ ಕೈ ಹತ್ತಿರ ಬಂದ ಕೂಡಲೇ ನಾಯಿ ಬಾಯಿ ಬಿಟ್ಟುಬಿಡುತ್ತದೆ. ಕೈ ಬಂದರೆ ತಿಂಡಿ ಬರುತ್ತದೆ ಎಂದು ಅದು ಕಲಿತಿರುತ್ತದೆ. ಅದಕ್ಕೆ ಕೈ ಚಾಚಿ, ಪೈಪನ್ನು ಮುಟ್ಟಿ, ಹಿಂದೆ ತೆಗೆಯಿರಿ. ಆಗಲೂ ಹಿಡಿದುಕೊಂಡೇ ಇದ್ದರೆ ‘ಸೈ’. ಮುಟ್ಟುವುದು ಹತ್ತಾದರೆ ತೆಗೆದುಕೊಳ್ಳುವುದು ಒಂದು, ಈ ಲೆಕ್ಕದಲ್ಲಿ ನಡೆಯಲಿ.

ಇನ್ನು ನೆಲದಿಂದ ಎತ್ತುವುದು. ಅಂಗೈ ಮೇಲಿಂದ, ನಂತರ ಮಗುಚಿಟ್ಟ ಡಬ್ಬಿಯ ಮೇಲಿಂದ, ನಂತರ ಒಂದು ಪುಸ್ತಕದ ದಪ್ಪದಿಂದ, ನೆಲ ಕೊನೆಗೆ. ಕೊಡುವುದೆಂದರೆ ಬಳಸುವವರ ಕೈಯಲ್ಲೋ ಮಡಿಲಲ್ಲೋ ಇಡುವುದು. ನೆಲಕ್ಕೆ ಬಿದ್ದರೆ ತಿಂಡಿಯಿಲ್ಲ. ಏನೂ ಹೇಳದೆ ನಾಲ್ಕೈದು ಸೆಕೆಂಡ್ ಕಾದರೆ ಬಹುತೇಕ ನಾಯಿಗಳು ತಾವೇ ಮತ್ತೆ ಎತ್ತುತ್ತವೆ. ಮಡಿಲ ಮೇಲೆ ಮುಂಗಾಲಿಡುವ ಅಭ್ಯಾಸ ಕೆಲವರು ಕಲಿಸುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ಪರ್ಶಜ್ಞಾನ ಇಲ್ಲದವರಿಗೆ ತೊಡೆಯ ಮೇಲೆ ಉಗುರು ಗೀರಿದ್ದು ಗೊತ್ತೇ ಆಗುವುದಿಲ್ಲ, ಆ ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಬಹುದು. ಅಂಥವರ ನಾಯಿಗೆ ಗಲ್ಲವನ್ನು ಮಾತ್ರ ಮಡಿಲಿಗೆ ಊರಿ ಕೊಡಲು ಕಲಿಸಿ. ಉಗುರು ವಾರಕ್ಕೊಮ್ಮೆ ಕತ್ತರಿಸಿ.

ಪೈಪ್ ಆದ ಮೇಲೆ ಬಟ್ಟೆ, ಮರದ ಸೌಟು, ಚರ್ಮದ ಪರ್ಸ್, ರಬ್ಬರ್ ಕವರ್ ಹಾಕಿದ ಮೊಬೈಲ್, ಕೊನೆಗೆ ಲೋಹ. ಲೋಹದ ತಣ್ಣನೆ ಮತ್ತು ಹಲ್ಲಿಗೆ ತಾಗುವ ಸದ್ದು ಬಹಳ ನಾಯಿಗಳಿಗೆ ಆಗದು. ಚಮಚಕ್ಕೆ ಪೂರ್ತಿ ಬಟ್ಟೆಯ ಟೇಪ್ ಸುತ್ತಿ, ಎರಡು ದಿನಕ್ಕೊಮ್ಮೆ ಒಂದೊಂದು ಸುತ್ತು ಬಿಚ್ಚುತ್ತ ಬನ್ನಿ. ಬೀಗದ ಕೈಗೊಂಚಲಿಗೆ ಚರ್ಮದ ಪಟ್ಟಿಯೊಂದನ್ನು ಕಾಯಂ ಕಟ್ಟಿದರೆ ಮುಗಿಯಿತು. ನುಣುಪು ಟೈಲ್ಸ್ ಮೇಲೆ ಬಿದ್ದ ಎಟಿಎಂ ಕಾರ್ಡನ್ನು ನಾಯಿ ನೆಕ್ಕಿ ನೆಕ್ಕಿ ದೂರ ತಳ್ಳುತ್ತದೆ. ಗೋಡೆಯವರೆಗೆ ತಳ್ಳಿ ಅಂಚಿನಿಂದ ಎತ್ತಲು ಕಲಿಸಬಹುದು, ಕಾರ್ಡಿಗೆ ಬಟ್ಟೆಯ ಕಿವಿ ಅಂಟಿಸುವುದು ಇನ್ನೂ ಸಲೀಸು. ನಾಣ್ಯ ಮತ್ತು ಮಾತ್ರೆಯ ಪಟ್ಟಿ ಎತ್ತುವುದನ್ನು ಕಲಿಸಲೇಬೇಡಿ. ಮಾತ್ರೆಗಳನ್ನು ತಿರುಪು ಮುಚ್ಚಳದ ಡಬ್ಬಿಗೆ ಹಾಕಿ, ಡಬ್ಬಿಗೆ ಹಗ್ಗದ ಹಿಡಿ ಕಟ್ಟಿ, ಅದನ್ನು ತರಿಸಿ.

ಬಾಗಿಲು, ಕರೆಗಂಟೆ

ವಿದೇಶದ ವಿಡಿಯೋಗಳಲ್ಲಿ ನಾಯಿ ಹಗ್ಗ ಎಳೆದು ಬಾಗಿಲು ತೆರೆಯುವುದನ್ನು ನೋಡಿರುತ್ತೀರಿ. ನಮ್ಮ ಮನೆಗಳ ಚಿಲಕ, ಅಗುಳಿಗಳ ಮುಂದೆ ಅದು ನಡೆಯುವುದಿಲ್ಲ. ಫ್ರಿಜ್ಜಿಗೆ ಹಗ್ಗ ಕಟ್ಟಿ ತೆರೆಸುವುದು ಸಾಧ್ಯ. ತನಗಾಗಿಯೂ ತೆರೆದುಕೊಳ್ಳುವುದು ಖಂಡಿತ. ಬೇಕೇ ಬೇಕೆಂದರೆ ಕೆಲಸದ ಹೊತ್ತಿಗಷ್ಟೇ ಸಿಕ್ಕಿಸುವ ಹಗ್ಗ ಇರಲಿ.

ನಮ್ಮಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇನ್ನೊಬ್ಬರನ್ನು ಕರೆಯುವುದು. ತಂತಿಯಿಲ್ಲದ ಕಾಲಿಂಗ್ ಬೆಲ್‌ನ ಗುಂಡಿಯನ್ನು ನೆಲದಿಂದ ನಲವತ್ತು ಸೆಂಟಿಮೀಟರ್ ಎತ್ತರಕ್ಕೆ ಗೋಡೆಗೆ ಅಂಟಿಸಿ, ಗಂಟೆಯನ್ನು ಪಕ್ಕದ ಮನೆಯಲ್ಲೋ ಮಹಡಿಯಲ್ಲೋ ಇಡಿ. ಅಂಗೈಗೆ ಮೂಗು ತಾಗಿಸುವುದು ಬಂದ ನಾಯಿಗೆ ಅಂಗೈ ಮೇಲೆ ಮೊಸರಿನ ಕಪ್ಪಿನ ಮುಚ್ಚಳ ಇಟ್ಟು ಅದನ್ನು ತಾಗಿಸಲು ಕಲಿಸಿ. ಮುಚ್ಚಳವನ್ನು ಗೋಡೆಗೆ, ಆಮೇಲೆ ಗುಂಡಿಯ ಮೇಲೆ ಅಂಟಿಸಿ. ಮುಚ್ಚಳವನ್ನು ಕತ್ತರಿಸುತ್ತ ಸಣ್ಣದು ಮಾಡಿ ತೆಗೆದುಬಿಡಿ. ಗಂಟೆ ನಿಜವಾಗಿ ಬಾರಿಸಿದರೆ ಮಾತ್ರ ತಿಂಡಿ, ಬರೀ ತಾಗಿಸಿದರೆ ಇಲ್ಲ. ಕಲಿಯುವ ವಾರಗಳಲ್ಲಿ ತಿಂಡಿಯಾಸೆಗೆ ನಡುರಾತ್ರಿಯೂ ಬಾರಿಸುತ್ತದೆ, ಹಾಗಾಗಿ ಪಾಠ ಮುಗಿದ ಮೇಲೆ ಬ್ಯಾಟರಿ ತೆಗೆದಿಡಿ. ಹೇಳದೆ ಬಾರಿಸಿದ್ದಕ್ಕೆ ಏನೂ ಸಿಗದಿದ್ದರೆ ತಾನೇ ನಿಲ್ಲಿಸುತ್ತದೆ.

ಹೇಳುವ ಮಾತುಗಳ ಬಗ್ಗೆ ಒಂದು ಎಚ್ಚರಿಕೆ. ಬಿಡು, ಕೊಡು, ಕೂರು, ಎಲ್ಲ ಒಂದೇ ತೆರನಾಗಿ ಮುಗಿಯುತ್ತವೆ, ದೂರದಿಂದ ನಾಯಿಗೆ ಬೇರೆ ಬೇರೆಯಾಗಿ ಕೇಳಿಸುವುದಿಲ್ಲ. ‘ಬಾ’ ಎಂದು ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ದಿನವಿಡೀ ಕರೆಯುತ್ತಾರೆ. ಮೊದಲ ಸದ್ದೇ ಬೇರೆಯಾಗಿರುವ ಪದಗಳನ್ನು ಆರಿಸಿ. ಸೆರೆಬ್ರಲ್ ಪಾಲ್ಸಿಯಿಂದ ಮಾತು ಸ್ಪಷ್ಟವಿಲ್ಲದವರಾದರೆ ಅವರ ಬಾಯಲ್ಲಿ ಪ್ರತಿ ಸಲವೂ ಒಂದೇ ಥರ ಹೊರಡುವ ಹತ್ತು ಸದ್ದುಗಳನ್ನು ರೆಕಾರ್ಡ್ ಮಾಡಿ, ಅವಕ್ಕೇ ಕೆಲಸ ಜೋಡಿಸಿ. ನಾಯಿಗೆ ವ್ಯಾಕರಣದ ಹಂಗಿಲ್ಲ.

ಬಳಸುವವರ ಭಾರ ಹೊರಿಸುವ ಕೆಲಸವನ್ನು, ಅಂದರೆ ನಾಯಿಯ ಬೆನ್ನಿಗೆ ಕೈ ಊರಿ ಏಳುವುದನ್ನು, ನಾನು ಯಾರಿಗೂ ಹೇಳುವುದಿಲ್ಲ. ಮೂಳೆ ಬಲಿತು ಎಕ್ಸ್‌ರೇ ಸರಿಯಿದ್ದರೂ ನಾಯಿಯ ಬೆನ್ನು ಮೇಲಿನಿಂದ ಬೀಳುವ ಭಾರಕ್ಕೆ ಆದದ್ದಲ್ಲ. ಅದಕ್ಕೆ ಗೋಡೆಗೆ ಹಿಡಿಕಂಬಿ ಹಾಕಿಸಿ.

ಗಾಲಿಗಳ ನಡುವೆ, ಮನೆಯವರ ನಡುವೆ

ಮೋಟಾರಿನಿಂದ ಓಡುವ ಪವರ್ ಚೇರಿನ ಜಾಯ್‌ಸ್ಟಿಕ್ ಯಾವ ಕೈಯಲ್ಲಿದೆಯೋ ಅದರ ಎದುರು ಬದಿ ನಾಯಿಯದ್ದು. ಮೊದಲ ಪಾಠ ಸ್ವಿಚ್ ಆಫ್ ಆಗಿ ನಿಂತ ಕುರ್ಚಿಯ ಸುತ್ತ ತಿಂಡಿ ಚೆಲ್ಲದೆ, ಒಂದೊಂದಾಗಿ ಕೈಯಿಂದ ಕೊಡುವುದು. ಆಮೇಲೆ ಸ್ವಿಚ್ ಆನ್, ಮೋಟಾರಿನ ಗುಂಯ್ ಸದ್ದು. ಆಮೇಲೆ ಕುರ್ಚಿ ನಾಯಿಯಿಂದ ದೂರ ಒಂದು ಮೀಟರ್ ಸರಿಯಬೇಕು. ಮೊದಲ ವಾರಗಳಲ್ಲಿ ನಾಯಿಯ ಕಡೆಗೆ ಕುರ್ಚಿ ಓಡಿಸಲೇಬಾರದು. ಒಮ್ಮೆ ಬಾಲವೋ ಪಾದವೋ ಸಿಕ್ಕಿದರೆ ತಿಂಗಳ ಕೆಲಸ ಹಿಂದೆ ಹೋಗುತ್ತದೆ. ನಾಯಿ ಇರುವ ಬದಿಗೆ ತಿರುಗುವಾಗ ಅದು ಹಿಂದೆ ಸರಿಯಬೇಕು. ಇದನ್ನು ಗೋಡೆ ಮತ್ತು ಸಾಲಾಗಿಟ್ಟ ಕುರ್ಚಿಗಳ ನಡುವಿನ ಇಕ್ಕಟ್ಟಿನಲ್ಲಿ ಕಲಿಸಿದರೆ ನೇರವಾಗಿ ಹಿಂದೆ ಹೋಗುತ್ತದೆ. ಲೀಶನ್ನು ಕುರ್ಚಿಯ ಚೌಕಟ್ಟಿಗೆ ಕಟ್ಟಬೇಡಿ. ಸೊಂಟಕ್ಕೆ, ಎಳೆದರೆ ಬಿಚ್ಚಿಕೊಳ್ಳುವ ಬಕಲ್ ಇಟ್ಟು ಹಾಕಿ.

ನಾಯಿಯನ್ನು ಒಪ್ಪಿಸುವ ಎರಡು ವಾರಗಳಲ್ಲಿ ಟ್ರೈನರ್ ನಾಯಿಗಲ್ಲ, ಮನೆಯವರಿಗೆ ಕಲಿಸಬೇಕು. ಊಟ, ನೀರು, ಮುದ್ದು, ಆಟ, ಎಲ್ಲವೂ ಬಳಸುವವರ ಕೈಯಿಂದ. ಅಳತೆಯ ಲೋಟದಲ್ಲಿ ಬೆಳಿಗ್ಗೆಯೇ ದಿನದ ಆಹಾರ ತೆಗೆದಿಡಿ; ಮೂವತ್ತು ಕೆಜಿ ನಾಯಿಗೆ ಒಣ ಆಹಾರ ಸುಮಾರು ಮುನ್ನೂರು ಗ್ರಾಂ, ಪ್ಯಾಕೆಟ್ಟಿನ ಲೆಕ್ಕ ನೋಡಿ ಹೆಚ್ಚುಕಡಿಮೆ ಮಾಡಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಬೆರಳಿಗೆ ಸಿಗಬೇಕು. ಅಜ್ಜಿ ಅಡುಗೆಮನೆಯಲ್ಲಿ ತುಪ್ಪದನ್ನ ಹಾಕತೊಡಗಿದರೆ ತಿಂಗಳೊಳಗೆ ನಾಯಿ ಅಡುಗೆಮನೆಯ ಬಾಗಿಲಲ್ಲೇ ಇರುತ್ತದೆ, ಕರೆದರೆ ಬಾರದು. ಅಜ್ಜಿಗೆ ‘ಬೇಡ’ ಅನ್ನುವುದಕ್ಕಿಂತ ಬೇರೆ ಕೆಲಸ ಕೊಡುವುದು ಜಾಣತನ: ದಿನಾ ಸಂಜೆ ಬಾಚುವುದು ಅವರದೇ ಇರಲಿ. ಮತ್ತು ಪಾಯಸದ ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ ಎಂಬುದನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ.

ಅಮೆರಿಕದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆಗೆ ಉತ್ತರ: ಅಂಗವಿಕಲರ ಹಕ್ಕಿಗಾಗಿ ಇರುವ ಅಲ್ಲಿನ ಎಡಿಎ ಕಾನೂನಿನಲ್ಲಿ ಸರ್ಟಿಫಿಕೇಟ್ ಕಡ್ಡಾಯವಿಲ್ಲ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು. ಈ ನಾಯಿ ಅಂಗವೈಕಲ್ಯದ ಕಾರಣಕ್ಕೆ ಬೇಕಾದದ್ದೇ, ಯಾವ ಕೆಲಸಕ್ಕೆ ತರಬೇತಿ ಪಡೆದಿದೆ. ಆನ್‌ಲೈನಿನಲ್ಲಿ ಮಾರುವ ನೋಂದಣಿ ಪತ್ರಗಳಿಗೆ ಬೆಲೆಯಿಲ್ಲ. ಜೊತೆಗಿದ್ದು ಸಮಾಧಾನ ಕೊಡುವುದಷ್ಟೇ ಆದರೆ ಅದು ಸರ್ವಿಸ್ ಡಾಗ್ ಅಲ್ಲ. ಇಲ್ಲಿ ನಮ್ಮೂರಲ್ಲಿ ಹೋಟೆಲಿಗೋ ಆಸ್ಪತ್ರೆಗೋ ಹೋಗುವ ಮುಂಚೆ ಫೋನ್ ಮಾಡಿ, ಹೋಗುವ ಹೊತ್ತು ತಿಳಿಸಿ, ರೇಬಿಸ್ ಲಸಿಕೆಯ ಪುಸ್ತಕ ಜೊತೆಗಿಟ್ಟುಕೊಳ್ಳಿ; ಬಾಗಿಲಲ್ಲಿ ವಾದ ಮಾಡಿ ಗೆದ್ದರೂ ಒಳಗೆ ನಾಯಿ ನೆಮ್ಮದಿಯಿಂದ ಮಲಗುವುದಿಲ್ಲ.

ದೊಡ್ಡ ಶಾಲೆಗಳಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ನಾಯಿಗಳು ಕೊನೆ ಮುಟ್ಟುವುದಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಸದ್ದಿಗೆ ಬೆದರುವುದು, ಅಪರಿಚಿತರ ಮೇಲೆ ಬೊಗಳುವುದು, ಸೊಂಟದ ದೋಷ ಇವುಗಳಲ್ಲಿ ಒಂದಿದ್ದರೂ ಹೊರಗಿನ ಕೆಲಸ ನಿಲ್ಲಿಸಿ; ಮನೆಯೊಳಗೆ ಎತ್ತಿಕೊಡುತ್ತ, ಗಂಟೆ ಬಾರಿಸುತ್ತ ಇರಲಿ. ಹೊರಗೆ ದುಡಿಯುವ ನಾಯಿಯೂ ಹತ್ತು ವರ್ಷದ ಆಸುಪಾಸಿಗೆ ನಿವೃತ್ತಿಯಾಗಬೇಕು. ಎಂಟರಿಂದಲೇ ವರ್ಷಕ್ಕೆರಡು ಸಲ ಕೀಲು, ಕಣ್ಣು, ರಕ್ತ ಪರೀಕ್ಷೆ ಮಾಡಿಸಿ. ನಡುವೆ ಕುರ್ಚಿ ಬದಲಾಯಿಸಿದಿರೋ, ಹೊಸದರ ಅಗಲ, ಗಾಲಿ, ಮೋಟಾರಿನ ಸದ್ದು ಎಲ್ಲ ಬೇರೆ. ಸ್ವಿಚ್ ಆಫ್ ಮಾಡಿ ನಿಲ್ಲಿಸಿ, ಮೊದಲ ಪಾಠದಿಂದ ಮತ್ತೆ ಶುರು ಮಾಡಿ. ಹಳೆಯ ನಾಯಿಯಾದರೆ ಒಂದು ವಾರದಲ್ಲಿ ಮುಗಿಯುತ್ತದೆ.